ಮಬುನಿಯ ಗೋಡೆಗಳ ಮುಂದೆ

ಜೂನ್ 23ರಂದು ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದ ಶಾಲೆಗಳಿಗೆ ರಜೆ. 1945ರಲ್ಲಿ ಅಮೆರಿಕದ ದಾಳಿಯೆದುರು ಜಪಾನಿ ಸೇನೆಯ ಸಂಘಟಿತ ಹೋರಾಟ ನಿಂತಿದ್ದು ಆ ದಿನವೇ ಎಂದು ದ್ವೀಪದ ಜನ ಸತ್ತವರನ್ನು ನೆನೆಯುತ್ತಾರೆ. ಕೆಲಸದ ನಿಮಿತ್ತ ನಾನು ನಾಹಾದಲ್ಲಿದ್ದ ವರ್ಷ, ಸಹೋದ್ಯೋಗಿಯೊಬ್ಬ ತನ್ನ ತಾಯಿಯೊಂದಿಗೆ ಮಬುನಿಗೆ ಹೊರಟವನು ನನ್ನನ್ನೂ ಕರೆದ. ಕಬ್ಬಿನ ಗದ್ದೆಗಳನ್ನು ಹಾದು ದ್ವೀಪದ ದಕ್ಷಿಣದ ತುದಿಗೆ ಹೋದೆವು.

ಕಡಲಿನ ಕಡಿದಾದ ಬಂಡೆಗಳ ಮೇಲೆ ಸಾಲು ಸಾಲು ಕಪ್ಪು ಕಲ್ಲಿನ ಗೋಡೆಗಳು. 1995ರಲ್ಲಿ ಎದ್ದ ಈ ಗೋಡೆಗಳಲ್ಲಿ ಈಗ 2,40,000ಕ್ಕೂ ಹೆಚ್ಚು ಹೆಸರುಗಳಿವೆ, ವರ್ಷವರ್ಷವೂ ಹೊಸವು ಸೇರುತ್ತಿವೆ. ಹಳ್ಳಿಯ ರೈತರು, ಜಪಾನಿ ಸೈನಿಕರು, ದಾಳಿಗೆ ಬಂದು ಸತ್ತ ಅಮೆರಿಕನ್ನರು, ಕೊರಿಯಾದಿಂದ ಬಲವಂತವಾಗಿ ತಂದ ಕೂಲಿಗಳು ಎಲ್ಲರೂ ಇದ್ದಾರೆ. ತನ್ನ ಮೇಲೆ ಗುಂಡು ಹಾರಿಸಿದವರಿಗೂ ತನ್ನ ನೆಲದಲ್ಲೇ ಹೆಸರು ಕೆತ್ತಿಸಿದ ಇನ್ನೊಂದು ಊರನ್ನು ನಾನು ನೋಡಿಲ್ಲ.

ಓಕಿನಾವಾದವರ ಹೆಸರುಗಳು ಊರುವಾರು ಇವೆ. ಗೆಳೆಯನ ತಾಯಿ ತಮ್ಮ ಊರಿನ ಗೋಡೆಯ ಮುಂದೆ ಮಂಡಿಯೂರಿ, ಕಲ್ಲಿಗೆ ನೀರೆರೆದು, ಹೂವು ಹಣ್ಣು ಇಟ್ಟರು. ಅವರ ಬೆರಳು ನಿಂತಲ್ಲಿ ಇದ್ದದ್ದು ಅವರ ತಂದೆಯ ಹೆಸರು, ಅದರ ಜೊತೆ ‘ಮಗು’ ಎಂದಷ್ಟೇ. ತಾವು ಹುಟ್ಟುವ ಮುಂಚೆ, ಗುಹೆಯೊಂದರಲ್ಲಿ ಹುಟ್ಟಿ ಹೆಸರಿಡುವ ಮೊದಲೇ ತೀರಿಕೊಂಡ ಅಣ್ಣನಂತೆ. ಅಂಥ ಸಾಲುಗಳು ಆ ಗೋಡೆಗಳಲ್ಲಿ ಇನ್ನೂ ಇವೆ. ದ್ವೀಪದ ನಾಲ್ವರಲ್ಲಿ ಒಬ್ಬರನ್ನು ನುಂಗಿದ ಯುದ್ಧವದು. ಟೋಕಿಯೋಗೆ ಬೇಕಾಗಿದ್ದದ್ದು ತನ್ನ ಮುಖ್ಯ ದ್ವೀಪಗಳ ಮೇಲಿನ ದಾಳಿಯನ್ನು ಕೆಲವು ವಾರ ತಡೆಯುವುದು. 1879ರವರೆಗೂ ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿದ್ದ ಈ ನೆಲ ಅದಕ್ಕೆ ಬಲಿಯಾಯಿತು. ಇದನ್ನು ಕ್ಷಮಿಸಲು ನನಗಂತೂ ಆಗುವುದಿಲ್ಲ.

ಯುದ್ಧ ಮುಗಿದರೂ 1972ರವರೆಗೆ ಆಡಳಿತ ಅಮೆರಿಕದ ಕೈಯಲ್ಲಿತ್ತು. ಅಮೆರಿಕದ ಸೇನಾ ನೆಲೆಗಳು ಆಮೇಲೂ ಉಳಿದವು. ಗಿನೋವಾನ್ ನಗರದ ಮನೆಗಳ ನಡುವಿನ ಫುತೆನ್ಮಾ ವಾಯುನೆಲೆಯನ್ನು ಹಿಂದಿರುಗಿಸಲು 1996ರಲ್ಲೇ ಒಪ್ಪಂದವಾಗಿತ್ತು. ಅದರ ಬದಲಿಗೆ ದ್ವೀಪದ ಉತ್ತರದ ಹೆನೊಕೊದಲ್ಲಿ ಕಡಲು ತುಂಬಿ ಹೊಸ ನೆಲೆ ಕಟ್ಟಲಾಗುತ್ತಿದೆ. 2019ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಶೇ. 70ಕ್ಕೂ ಹೆಚ್ಚು ಜನ ಬೇಡವೆಂದರು. ಕೆಲಸ ನಿಲ್ಲಲಿಲ್ಲ. ಆ ಕಡಲು ತುಂಬಲು ದ್ವೀಪದ ದಕ್ಷಿಣದ ಮಣ್ಣನ್ನೂ ತೆಗೆಯಬಹುದೆಂಬ ಯೋಜನೆ 2020ರಲ್ಲಿ ಹೊರಬಿತ್ತು.

ಮರಳುವಾಗ ಕಾರಿನಲ್ಲಿ ಆ ವಿಷಯ ಬಂದಾಗ ತಾಯಿಯ ದನಿ ಗಟ್ಟಿಯಾಯಿತು. ಈ ದಕ್ಷಿಣದಲ್ಲಿ ಇಂದಿಗೂ ಸ್ವಯಂಸೇವಕರು ಗುಹೆಗಳ ಮಣ್ಣು ಕೆದಕಿ ಯುದ್ಧದಲ್ಲಿ ಸತ್ತವರ ಮೂಳೆಗಳನ್ನು ಹೊರತೆಗೆಯುತ್ತಾರೆ. ತಮ್ಮ ಅಣ್ಣನದು ಸಿಕ್ಕಿಲ್ಲ, ಕೂಸಿನ ಮೂಳೆ ಸಿಗುವುದೂ ಕಷ್ಟ, ಹಾಗೆಂದು ಅವನನ್ನು ಮಿಲಿಟರಿ ವಿಮಾನಗಳ ಅಡಿಗೆ ಹಾಕಲು ಬಿಡುವುದಿಲ್ಲ ಎಂದರು. ಮಗ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ, ತಾನೂ ಹೆನೊಕೊದ ಗೇಟಿನ ಮುಂದಿನ ಧರಣಿಗೆ ಹೋಗಿ ಕುಳಿತುಕೊಳ್ಳುತ್ತೇನೆಂದು ಸೇರಿಸಿದ.