ಹಲಗೆ ಸೀಳುವುದು ತುದಿಯಿಂದ

ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರದ ಕಡೆ ಹೋಮ್‌ಸ್ಟೇಗಳು ಹೆಚ್ಚಿದಂತೆ ನಮ್ಮ ಬಡಗಿ ಕೆಲಸಕ್ಕೆ ಹೊಸದೊಂದು ಬಾಬತ್ತು ಸೇರಿಕೊಂಡಿದೆ. ಬಂಡೆಯ ಮಗ್ಗುಲಲ್ಲೋ ಗದ್ದೆಯ ಅಂಚಿನಲ್ಲೋ ಕಟ್ಟಿಗೆಯ ಡೆಕ್, ಅಂದರೆ ತೊಲೆಗಳ ಮೇಲೆ ಹಲಗೆ ಜೋಡಿಸಿದ ಬಯಲು ಜಗಲಿ, ಹಾಕುವುದು. ಬಾಗಿಲು, ಚೌಕಟ್ಟು ಮಾಡಿ ಪಳಗಿದ ಕೈಗೂ ಇದು ಬೇರೆಯೇ ಕೆಲಸ. ಬಾಗಿಲಿಗೆ ಸೂರಿನ ನೆರಳಾದರೂ ಇರುತ್ತದೆ. ಡೆಕ್ಕಿನ ಹಲಗೆ ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿಗೂ ಮುಂದಿನ ಮಳೆಗೂ ಮೈಯೊಡ್ಡಿ ಮಲಗಿರುತ್ತದೆ. ‘ಒಳ್ಳೆಯ ಸಾಗುವಾನಿ ಹಾಕಿಸಿದ್ದೆವು, ಒಂದೇ ಬೇಸಿಗೆಗೆ ಸೀಳಿತು’ ಎಂದು ಎಷ್ಟೋ ಮಾಲೀಕರು ಹೇಳುತ್ತಾರೆ. ಎಲ್ಲರೂ ಬಿಸಿಲನ್ನು ದೂರುತ್ತಾರೆ. ನಾನು ಕಂಡುಕೊಂಡಿದ್ದು ಇಷ್ಟು: ಕಟ್ಟಿಗೆಯ ಒಂದು ಭಾಗ ಬೇಗ ಒಣಗಿ, ಇನ್ನೊಂದು ಭಾಗ ಹಸಿಯಾಗಿಯೇ ಉಳಿದರೆ ಎಂಥ ಜಾತಿಯ ಮರವಾದರೂ ಸೀಳುತ್ತದೆ, ಸೊಟ್ಟಗಾಗುತ್ತದೆ.

ಸಾಗುವಾನಿ ಹಲಗೆಯ ತುದಿಯನ್ನು ನುಣ್ಣಗೆ ಮಾಡಿ ಬೆಳಕಿಗೆ ಹಿಡಿದು ನೋಡಿ. ಬಳೆಯಾಕಾರದ ಗೆರೆಗಳ ಉದ್ದಕ್ಕೂ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತವೆ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಏರಿದ ಕೊಳವೆಗಳು ಅವು. ಹಲಗೆಯ ಮೈಯಿಂದ ಹೋಗುವುದಕ್ಕಿಂತ ಹತ್ತು ಪಟ್ಟು ವೇಗವಾಗಿ ತೇವ ಅಲ್ಲಿಂದ ಹೊರಬೀಳುತ್ತದೆ. ತುದಿ ಕುಗ್ಗಲು ಹೊರಡುತ್ತದೆ, ನಡುಭಾಗ ಬಿಟ್ಟುಕೊಡುವುದಿಲ್ಲ. ಆ ಜಗ್ಗಾಟದಲ್ಲಿ ಎಳೆಗುಂಟ ಬಿರುಕು ಬೀಳುತ್ತದೆ. ಅದಕ್ಕೇ ಲಾರಿಯಿಂದ ಇಳಿಸಿದ ದಿನವೇ ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನೋ ದಪ್ಪನೆಯ ಬಣ್ಣವನ್ನೋ ಬಳಿಸುತ್ತೇನೆ. ಅಳತೆಗೆ ಕತ್ತರಿಸಿದಾಗ ಹೊಸ ತುದಿಗೆ ಮತ್ತೆ ಬಳಿಯಬೇಕು. ಊಟಕ್ಕೆ ಹೋಗಿಬಂದು ಬಳಿದರಾಯಿತು ಎನ್ನುವ ಹುಡುಗರನ್ನು ನಾನು ಬಿಡುವುದಿಲ್ಲ. ಆಗಲೇ ಬಿರುಕು ಬಿಟ್ಟ ತುದಿಯಿದ್ದರೆ, ಬಿರುಕು ಮುಗಿದಂತೆ ಕಾಣುವ ಜಾಗದಿಂದ ಇನ್ನೂ ಎರಡು ಇಂಚು ಒಳಗೆ ಕತ್ತರಿಸಿ ತೆಗೆಯಿರಿ. ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಅದು ಹೋಗಿರುತ್ತದೆ.

ನಮಗೆ ಕಟ್ಟಿಗೆ ಬರುವುದು ಹೆಚ್ಚಾಗಿ ದಾಂಡೇಲಿ ಕಡೆಯಿಂದ. ಮಳೆಗಾಲದ ಘಟ್ಟದಲ್ಲಿ ಒಣಗಿದ ಕಟ್ಟಿಗೆಯಲ್ಲೂ ಶೇ 16ರ ಆಸುಪಾಸು ತೇವವಿರುತ್ತದೆ. ನಮ್ಮ ಬೇಸಿಗೆಯಲ್ಲಿ ಅದು ಶೇ 8ಕ್ಕೂ ಕೆಳಗಿಳಿಯುತ್ತದೆ. ಆ ವ್ಯತ್ಯಾಸಕ್ಕೆ ಆರು ಇಂಚಿನ ಹಲಗೆ ಅಗಲದಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಉದ್ದದಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಂದ ಮಾಲನ್ನು ಕೂಡಲೇ ಜಡಿಯದೆ, ನೆರಳಿನಲ್ಲಿ, ನೆಲದಿಂದ ಎತ್ತರಕ್ಕೆ ಪೇರಿಸಿಡಬೇಕು. ಸಾಲು ಸಾಲಿನ ನಡುವೆ ಒಂದೇ ದಪ್ಪದ ರೀಪು, ಅವೂ ಒಂದರ ನೇರಕ್ಕೆ ಇನ್ನೊಂದು, ಮೇಲೆ ಕಲ್ಲುಚಪ್ಪಡಿಯ ಭಾರ. ತೇವ ಅಳೆಯುವ ಮೀಟರಿನ ಅಂಕಿ ಇಳಿಯುವುದು ನಿಂತ ಮೇಲೆಯೇ ಕೆಲಸ ಶುರು. ಹಲಗೆ ಆರಿಸುವಾಗ ತುದಿಯ ಗೆರೆಗಳು ನೆಟ್ಟಗೆ ನಿಂತಿರುವುದನ್ನು ಆರಿಸಿ. ಗೆರೆ ಅಡ್ಡ ಮಲಗಿದ ಹಲಗೆ ಅಗಲದಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಕುಗ್ಗುತ್ತದೆ.

‘ಬಡಿಗೇರ, ನಡುವೆ ಇಷ್ಟು ಸಂದು ಏಕೆ ಬಿಟ್ಟಿರಿ?’ ಎಂದು ಗಂಗಾವತಿಯ ಸಾಹುಕಾರರೊಬ್ಬರು ಕೇಳಿದ್ದರು. ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಹಲಗೆ ಮಳೆಗೆ ಉಬ್ಬುತ್ತದೆ. ಜಾಗವಿಲ್ಲದಿದ್ದರೆ ಪಕ್ಕದ ಹಲಗೆಯನ್ನು ತಳ್ಳಿ ಎದ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಜಡಿಯುವಾಗ ಐದು ಮಿಲಿಮೀಟರ್ ಬಿಡುತ್ತೇನೆ, ಮಳೆಗಾಲದಲ್ಲಾದರೆ ಮೂರು ಸಾಕು.

ಭತ್ತದ ಗದ್ದೆಯಂಚಿನ ಡೆಕ್ಕುಗಳದ್ದು ಇನ್ನೊಂದು ಫಜೀತಿ. ಕೆಳಗೆ ಕಾಲುವೆ ನೀರಿನ ತಂಪು, ಮೇಲೆ ಸುಡುವ ಬಿಸಿಲು. ಅಡಿಮೈ ಉಬ್ಬಿ ಮೇಲ್ಮೈ ಕುಗ್ಗಿದಾಗ ಹಲಗೆಯ ಎರಡೂ ಅಂಚುಗಳು ಮೇಲೆದ್ದು ದೋಣಿಯಂತಾಗುತ್ತದೆ. ಕೆಳಗೆ ಒಂದಡಿಯಾದರೂ ಗಾಳಿ ಆಡುವ ಜಾಗ ಬೇಕು. ಅಂದಕ್ಕೆಂದು ಸುತ್ತಲೂ ಪಟ್ಟಿ ಹೊಡೆದು ಮುಚ್ಚಿಸಬೇಡಿ. ಎಣ್ಣೆಯನ್ನೂ ನಾಲ್ಕೂ ಮೈಗೆ ಹಚ್ಚಬೇಕು, ಅದೂ ಜಡಿಯುವ ಮೊದಲು. ಕಾಣುವ ಮೈಗೆ ಮಾತ್ರ ಹಚ್ಚಿದರೆ ಎರಡು ಮೈಗಳ ನಡುವಿನ ಅಂತರವನ್ನು ನಾವೇ ಹೆಚ್ಚಿಸಿದಂತೆ.

ಗಟ್ಟಿ ಕಟ್ಟಿಗೆಗೆ ಮೊದಲು ಡ್ರಿಲ್ ಮಾಡದೆ ಸ್ಕ್ರೂ ಹಾಕಲೇಬಾರದು. ತುದಿಯಿಂದ ಒಂದೂವರೆ ಇಂಚು ಒಳಗೆ, ಪ್ರತಿ ತೊಲೆಯ ಮೇಲೆ ಎರಡೆರಡು, ಸ್ಟೇನ್‌ಲೆಸ್ ಸ್ಟೀಲಿನವು. ತೊಲೆಗಳ ನಡುವೆ ಹದಿನಾರು ಇಂಚಿಗಿಂತ ಹೆಚ್ಚು ಅಂತರ ಬಿಡಬೇಡಿ.

ವಾರ್ನಿಷ್ ಬಳಿಯಿರಿ, ಹೊಳೆಯಲಿ ಎನ್ನುವವರಿದ್ದಾರೆ. ಬಿಸಿಲಿಗೆ ಆ ಪದರ ಸಿಡಿದು, ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾಗದೆ ಕೂರುತ್ತದೆ. ಹೊರಗಿನ ಕಟ್ಟಿಗೆಗೆಂದೇ ಸಿಗುವ ಎಣ್ಣೆಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಹಚ್ಚಿದರೆ ಸಾಕು. ಈ ಎಣ್ಣೆಗಳಲ್ಲಿ ಹಲವಕ್ಕೆ ಅಗಸೆ ಎಣ್ಣೆಯೇ ಮೂಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು, ಅದರಲ್ಲೂ ನಮ್ಮ ಸೆಕೆಯಲ್ಲಿ. ಆ ಬಟ್ಟೆಗಳನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಹರವಿ ಒಣಗಿಸಿ.