ನೂರು ವರ್ಷದಾಚೆಯ ಓದುಗನಿಗಾಗಿ ಕೋವಿಗಳ ದಾಖಲೆ: ನಾಲ್ಕನೆಯ ತಿಂಗಳ ಪ್ರಗತಿ

ಪರವಾನಗಿ ಪಡೆದು ನಾನು ಕೂಡಿಹಾಕಿರುವ ಹನ್ನೊಂದು ಕೋವಿ, ಪಿಸ್ತೂಲುಗಳ ವಿವರಪತ್ರಗಳನ್ನು, ಒಂದು ಶತಮಾನದ ಬಳಿಕ ಅವು ಯಾರ ಕೈಗೆ ಸೇರುತ್ತವೆಯೋ ಅವರಿಗಾಗಿ ಹೊಸದಾಗಿ ಬರೆಯುವ ಕೆಲಸ ನಾಲ್ಕನೆಯ ತಿಂಗಳಿಗೆ ಕಾಲಿಟ್ಟಿದೆ. ಈವರೆಗೆ ಆರು ಮುಗಿದಿವೆ. ಹಳೆಯ ಪತ್ರಗಳಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ನಳಿಗೆಯ ಒಳಅಳತೆ, ಮೂಲ ಬಣ್ಣ ಎಷ್ಟು ಉಳಿದಿದೆ ಎಂಬುದಷ್ಟೇ ಇತ್ತು. ಮಾರುವವನಿಗೂ ಕೊಳ್ಳುವವನಿಗೂ ಅಷ್ಟು ಸಾಕು. ಆದರೆ ಇಂಥದ್ದನ್ನು ಜನ ಮನೆಯಲ್ಲಿ ಏಕೆ ಇಟ್ಟುಕೊಂಡಿದ್ದರು ಎಂದು ಮುಂದೊಂದು ದಿನ ಕೇಳುವವನಿಗೆ ಅವುಗಳಲ್ಲಿ ಉತ್ತರವಿರಲಿಲ್ಲ.

ಈ ತಿಂಗಳು ಹೆಚ್ಚಿನ ಸಮಯ ನುಂಗಿದ್ದು ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲು. ಕತ್ತಲಲ್ಲಿ ಗುರಿ ಕಾಣಲೆಂದು ಅದರ ಮೇಲೆ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ತುಂಬಿದ, ತಾವಾಗಿಯೇ ಹೊಳೆಯುವ ಮೂರು ಚುಕ್ಕೆಗಳಿವೆ. ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕಾದು ನೋಡಿದರೆ, ಕೊಂಡ ಹೊಸತರಲ್ಲಿ ಹಸಿರಾಗಿ ಮಿಂಚುತ್ತಿದ್ದ ಚುಕ್ಕೆಗಳು ಈಗ ಇವೆಯೋ ಇಲ್ಲವೋ ಎನ್ನುವಷ್ಟು ಮಂಕಾಗಿದ್ದವು. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 12.3 ವರ್ಷ; ನೂರು ವರ್ಷ ಕಳೆದ ಮೇಲೆ ಅದರಲ್ಲಿ ಶೇಕಡಾ ಅರ್ಧದಷ್ಟೂ ಉಳಿಯುವುದಿಲ್ಲ. ಆ ಓದುಗ ಅವನ್ನು ಬರೀ ಅಲಂಕಾರದ ಚುಕ್ಕೆಗಳೆಂದು ತಿಳಿದಾನೆಂದು ಅವುಗಳ ಕೆಲಸವನ್ನು ಎರಡು ಸಾಲಿನಲ್ಲಿ ವಿವರಿಸಿದ್ದೇನೆ.

ನಾಚಿಕೆಯ ಸಂಗತಿಯೊಂದನ್ನೂ ಇಲ್ಲಿ ಬರೆಯಬೇಕು. ಭದ್ರವಾಗಿರಲೆಂದು ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಇನ್ನೊಂದು ಪಿಸ್ತೂಲನ್ನು ವರ್ಷಗಳ ನಂತರ ತೆರೆದಾಗ, ಸ್ಪಂಜು ರವೆಯಂತೆ ಉದುರಿ ಲೋಹಕ್ಕೆ ಅಂಟಿಕೊಂಡಿತ್ತು. ಅದು ಹಿಡಿದಿಟ್ಟ ತೇವದಿಂದ ಒಂದು ಮಗ್ಗುಲಲ್ಲಿ ಹೆಬ್ಬೆರಳಗಲದ ತುಕ್ಕು ಹಬ್ಬಿತ್ತು. ಮೆತ್ತನೆಯ ಬಟ್ಟೆಗೆ ತೆಳುವಾಗಿ ಎಣ್ಣೆ ಸವರಿ ಒರೆಸಿ, ಮೇಲೆ ಮೇಣ ಹಚ್ಚಿ ಅಲ್ಲಿಗೆ ನಿಲ್ಲಿಸಿದೆ. ಮತ್ತೆ ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ನೀಲಿಗಪ್ಪು ಲೇಪ) ಮಾಡಿಸಿದರೆ ಕಲೆ ಮರೆಯಾಗುತ್ತದೆ ನಿಜ, ಜೊತೆಗೆ ಆ ವಸ್ತುವಿನ ಇತಿಹಾಸವೂ ಅಳಿಸಿಹೋಗುತ್ತದೆ. ಕಲೆ ನನ್ನ ಅಜಾಗರೂಕತೆಯಿಂದ ಆದದ್ದೆಂದೇ ದಾಖಲಿಸಿದ್ದೇನೆ.

ವಿಚಿತ್ರವೆಂದರೆ, 1898ರ ವಿನ್ಯಾಸದ, ಜರ್ಮನಿಯ ಮೌಸರ್ ಕೋವಿಯ ಉಕ್ಕು ಮತ್ತು ಆಕ್ರೋಟದ ಮರದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಪಿಸ್ತೂಲುಗಳಿಂದ ಜನಪ್ರಿಯವಾದ ಪಾಲಿಮರ್ ಚೌಕಟ್ಟುಗಳು ನೂರು ವರ್ಷ ಹೇಗೆ ಬಾಳುತ್ತವೆಂಬುದನ್ನು ಮಾತ್ರ ಯಾರೂ ಇನ್ನೂ ಕಣ್ಣಾರೆ ಕಂಡಿಲ್ಲ. 2013ರಲ್ಲಿ ಹೊರಬಂದ, ತ್ರೀಡಿ ಮುದ್ರಣದ ಲಿಬರೇಟರ್ ಪಿಸ್ತೂಲಿನಲ್ಲಂತೂ ವಸ್ತುವಿಗಿಂತ ಕಂಪ್ಯೂಟರ್ ಕಡತವೇ ಮುಖ್ಯ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಅದೇ ವರ್ಷ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಕಲೆ ಮತ್ತು ವಿನ್ಯಾಸದ ಸಂಗ್ರಹಾಲಯವೊಂದು ಅದನ್ನು ಬಯಸಿತೆಂಬುದೇ, ಮುಂದಿನವರು ನಮ್ಮ ಆಯುಧಗಳನ್ನು ಯಾವ ಪ್ರಶ್ನೆ ಹಿಡಿದು ನೋಡುತ್ತಾರೆಂಬುದರ ಸುಳಿವು ಎಂದು ನನಗನ್ನಿಸುತ್ತದೆ.

ಇಂದು ನಾವು ಹಳೆಯ ಖಡ್ಗದ ಹಿಡಿಯ ಕುಸುರಿಯನ್ನು ಮೆಚ್ಚುವಂತೆ ನಾಳಿನವರು ಈ ಪಿಸ್ತೂಲುಗಳ ಯಂತ್ರಕೌಶಲವನ್ನು ಮೆಚ್ಚುತ್ತಾರೆಂದು ಸಂಗ್ರಾಹಕ ಮಿತ್ರರು ವಾದಿಸುವುದುಂಟು. ನಾನು ಅದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಖಡ್ಗದಿಂದ ಸತ್ತವರಲ್ಲಿ ಹೆಚ್ಚಿನವರ ಹೆಸರೂ ಮುಖವೂ ನಮಗೆ ತಿಳಿದಿಲ್ಲ, ಆದ್ದರಿಂದ ಕುಸುರಿಯನ್ನಷ್ಟೇ ನೋಡುವುದು ಸಲೀಸು. ಬಂದೂಕಿಗೆ ಬಲಿಯಾದವರ ಛಾಯಾಚಿತ್ರಗಳು, ಚಿತ್ರೀಕರಣಗಳು, ನ್ಯಾಯಾಲಯದ ಕಡತಗಳು ಆ ಪಿಸ್ತೂಲುಗಳ ಜೊತೆಯಲ್ಲೇ ನಾಳಿನವರ ಕೈಸೇರುತ್ತವೆ. ಹಾಗಾಗಿ ಪ್ರತಿ ಪತ್ರದಲ್ಲೂ ‘ಇದರ ಎದುರಿಗಿದ್ದವರು’ ಎಂಬ ಹೊಸ ಅಂಕಣ ಸೇರಿಸಿದ್ದೇನೆ. ಮೌಸರ್‌ನ ಹಿಡಿಯಲ್ಲಿ ಯಾರೋ ಚಾಕುವಿನಿಂದ ಕೆತ್ತಿದ ಎರಡು ಅಕ್ಷರಗಳಿವೆ, ಅವು ಅದನ್ನು ಹಿಡಿದವನ ಗುರುತಾಗಿರಬಹುದು; ಎದುರಿನವರ ಅಂಕಣ ಮಾತ್ರ ಖಾಲಿ, ಖಾಲಿಯಾಗಿಯೇ ಇಟ್ಟಿದ್ದೇನೆ.

ಮುಂದಿನದು ರಿವಾಲ್ವರಿನ ಪತ್ರ. ಅಳತೆ, ಚಿತ್ರ ಎಲ್ಲ ಸಿದ್ಧವಾಗಿವೆ. ‘ಏಕೆ ಕೊಂಡೆ’ ಎಂಬಲ್ಲಿ ಪೆನ್ಸಿಲಿನಿಂದ ಮೂರು ಸಲ ಬರೆದು ಮೂರು ಸಲ ಅಳಿಸಿದ್ದೇನೆ.