ಬೆಂಗಳೂರು ಟೆರೇಸಿಂದ ನೆಬ್ಯುಲಾ ಫೋಟೋ ತೆಗೆಯಕ್ಕಾಗುತ್ತಾ?

ಆಗುತ್ತೆ. ಆದ್ರೆ ಎಲ್ಲಾ ನೆಬ್ಯುಲಾನೂ, ಅಂದ್ರೆ ನಕ್ಷತ್ರಗಳ ನಡುವಿನ ಎಲ್ಲಾ ಗ್ಯಾಸು-ಧೂಳಿನ ಮೋಡಾನೂ ಅಲ್ಲ. ಊರಿನ ಬೆಳಕಿಂದ ಆಕಾಶ ಎಷ್ಟು ಕೆಟ್ಟಿದೆ ಅಂತ ಹೇಳೋ ಬಾರ್ಟಲ್ ಅಳತೇಲಿ ನಮ್ಮ ಆಕಾಶ 8-9, ಆ ಅಳತೆ ಮುಗಿಯೋದೇ 9ಕ್ಕೆ, ಅದಕ್ಕಿಂತ ಕೆಟ್ಟದ್ದು ಇಲ್ಲ. ಇಂಥ ಕಡೆ ಯಾವುದು ಯಾವ ಬಣ್ಣದ ಬೆಳಕು ಕೊಡುತ್ತೆ ಅಂತ ನೋಡ್ಕೊಂಡು ಆರಿಸ್ಬೇಕು, ಅಷ್ಟೆ.

ಉದಾಹರಣೆಗೆ ಗುಲಾಬಿ ಹೂವಿನಂಗೆ ಕಾಣೋ ರೊಸೆಟ್ ನೆಬ್ಯುಲಾ. ಮಧ್ಯದಲ್ಲಿರೋ ಬಿಸಿ ನಕ್ಷತ್ರಗಳ ಅಲ್ಟ್ರಾವಯಲೆಟ್ ಬಿದ್ದು ಸುತ್ತಲಿನ ಹೈಡ್ರೋಜನ್ನು 656 ನ್ಯಾನೋಮೀಟರಿನ ಕಡುಗೆಂಪಲ್ಲಿ ಹೊಳೆಯುತ್ತೆ, ಆಕ್ಸಿಜನ್ನು 501ರ ಹತ್ರ ನೀಲಿ-ಹಸಿರಲ್ಲಿ. ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಈ ಎರಡಕ್ಕೆ ಮಾತ್ರ ಸಣ್ಣ ಕಿಂಡಿ ಬಿಟ್ಟು ಮಿಕ್ಕಿದ್ದನ್ನೆಲ್ಲಾ ತಡೆಯುತ್ತೆ. ಹಳೇ ಸೋಡಿಯಂ ಬೀದಿದೀಪ ಇದ್ದಾಗ ಬೆಳಕು ಹೆಚ್ಚಾಗಿ ಹಳದಿ ಕಡೆಗೇ ಇರ್ತಿತ್ತು, ಅಗ್ಗದ ಫಿಲ್ಟರಲ್ಲೂ ಒಂದಷ್ಟು ಕಟ್ ಆಗ್ತಿತ್ತು, ಈಗಿನ ಬಿಳಿ ಎಲ್‌ಇಡಿ ಎಲ್ಲಾ ಬಣ್ಣದಲ್ಲೂ ಹರಡ್ಕೊಂಡಿರುತ್ತೆ, ಹಂಗಾಗಿ ಕಿಂಡಿ ಎಷ್ಟು ಸಣ್ಣದೋ ಅಷ್ಟು ಒಳ್ಳೇದು. ಕೃತ್ತಿಕೆ ಸುತ್ತಲಿನ ನೀಲಿ ಧೂಳು ಈ ಆಟಕ್ಕೆ ಬರಲ್ಲ, ಅದು ನಕ್ಷತ್ರದ ಬೆಳಕನ್ನೇ ಚೆದುರಿಸೋದು, ಫಿಲ್ಟರ್ ಹಾಕಿದ್ರೆ ಅದೂ ಹೋಯ್ತು. ಗ್ಯಾಲಕ್ಸಿಗಳೂ ಹಂಗೇ, ಅವಕ್ಕೆ ಊರು ಬಿಟ್ಟು ಹೋಗಿ.

ಸಾದಾ ಡಿಎಸ್ಎಲ್ಆರ್ ಇರೋರಿಗೆ ಒಂದು ಮಾತು, ಸೆನ್ಸರ್ ಮುಂದೆ ಕಂಪನಿಯೋರೇ ಹಾಕಿರೋ ಗಾಜು ಆ ಕಡುಗೆಂಪನ್ನ ಬಹುಪಾಲು ನುಂಗಿಬಿಡುತ್ತೆ. ಅದನ್ನ ಬದಲಾಯಿಸಿರೋ ಕ್ಯಾಮೆರಾ ಸಿಕ್ರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಇನ್ನು ಮೌಂಟ್, ಅಂದ್ರೆ ಆಕಾಶ ತಿರುಗಿದಂಗೆ ಕ್ಯಾಮೆರಾನೂ ತಿರುಗಿಸೋ ಸ್ಟ್ಯಾಂಡು, ಅದನ್ನ ಹೊಂದಿಸೋದು. ಅದರ ಅಚ್ಚು ಧ್ರುವದ ಕಡೆ ನೆಟ್ಟಗಿರ್ಬೇಕು. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 13 ಡಿಗ್ರಿ ಮೇಲಷ್ಟೇ, ಅಂದ್ರೆ ಉತ್ತರಕ್ಕೆ ಯಾರಾದ್ರೂ ಮೂರನೇ ಫ್ಲೋರ್ ಎಬ್ಬಿಸಿದ್ರೆ ಮುಗೀತು ಕಥೆ. ನನಗೆ ಅಲ್ಲಿ ಕಾಣೋದು ಪಕ್ಕದ್ಮನೆ ನೀರಿನ ಟ್ಯಾಂಕು. ಪುಣ್ಯಕ್ಕೆ ನಿನಾ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಆಕಾಶದ ಬೇರೆ ಕಡೆ ಮೂರು ಫೋಟೋ ತೆಗೆದು ಧ್ರುವ ಎಲ್ಲಿದೆ ಅಂತ ಲೆಕ್ಕ ಹಾಕೋ ಸೌಲಭ್ಯ ಇದೆ.

ಒಂದೊಂದೇ ಫ್ರೇಮ್ ನೋಡಿದ್ರೆ ಬೇಜಾರಾಗುತ್ತೆ, ಮೂರು ನಿಮಿಷದ ಎಕ್ಸ್‌ಪೋಶರಲ್ಲಿ ಮಾಸಲು ಕೆಂಪು ಹಿನ್ನೆಲೆ, ನಡುವೆ ನಾಲ್ಕೈದು ಪ್ರಖರ ನಕ್ಷತ್ರ, ಹೂವು ಎಲ್ಲಿದೆ ಅಂತ ಹುಡುಕ್ಬೇಕು. ಸಿರಿಲ್‌ ಅನ್ನೋ ಸಾಫ್ಟ್‌ವೇರಲ್ಲಿ ಎಲ್ಲಾ ಫ್ರೇಮನ್ನೂ ಸ್ಟ್ಯಾಕ್ ಮಾಡಿ, ಅಂದ್ರೆ ಒಂದರ ಮೇಲೊಂದು ಸೇರಿಸಿ, ಮಸುಕಾದ್ದನ್ನ ಬೆಳಗಿಸೋ ಸ್ಟ್ರೆಚ್ ಒತ್ತಿದಾಗ ದಳಗಳು, ಅದರೊಳಗಿನ ಕಪ್ಪು ಧೂಳಿನ ಗೆರೆಗಳು ಎದ್ದು ಬರ್ತವೆ. ಆದ್ರೆ ಚಿತ್ರ ಎರಡರಷ್ಟು ಸ್ವಚ್ಛ ಆಗ್ಬೇಕಂದ್ರೆ ನಾಲ್ಕರಷ್ಟು ಟೈಮ್ ಕೊಡ್ಬೇಕು, ಇದರಲ್ಲಿ ಚೌಕಾಸಿ ಇಲ್ಲ. ಒಂದೇ ರಾತ್ರಿಗೆ ಮೂರು ಟಾರ್ಗೆಟ್ ಹಾರೋರ ಫೋಟೋ ಯಾಕೆ ಗರಗರ ಅನ್ಸುತ್ತೆ ಅಂದ್ರೆ ಇದಕ್ಕೇ.

ದುಡ್ಡು ಹಾಕೋದಾದ್ರೆ ಮೊದಲು ಮೌಂಟಿಗೆ, ಆಮೇಲೆ ಫಿಲ್ಟರಿಗೆ. ದೊಡ್ಡ ಟೆಲಿಸ್ಕೋಪ್ ಬೇಡ. ರೊಸೆಟ್ ಹುಣ್ಣಿಮೆ ಚಂದ್ರನ ಎರಡೂವರೆ ಪಟ್ಟು ಅಗಲ ಇದೆ, 200 ಎಂಎಂ ಲೆನ್ಸಲ್ಲೇ ಆರಾಮಾಗಿ ಕೂರುತ್ತೆ. ಡಿಸೆಂಬರಿಂದ ಮಾರ್ಚ್ ಒಳಗೆ ಮುಗಿಸ್ಕೊಳ್ಳಿ, ಆಮೇಲೆ ಅದು ಬೇಗ ಪಶ್ಚಿಮಕ್ಕೆ ಇಳಿಯುತ್ತೆ, ಹಿಂದೇನೇ ಮೋಡನೂ ಬರುತ್ತೆ.